ಎರಡು ಬಾಗಿಲಿನ ಕಾರು, ಹಿಂದಿನ ಸೀಟಿನ ಹೆಂಗಸರು

೨೦೨೫ರ ದೀಪಾವಳಿಗೆ ನಮ್ಮ ಮನೆಯಲ್ಲಿ ಪಟಾಕಿಗಿಂತ ಹೆಚ್ಚು ಸದ್ದು ಮಾಡಿದ್ದು ಒಂದು ಕಾರು. ಅದಿನ್ನೂ ಮನೆಗೆ ಬಂದಿರಲಿಲ್ಲ, ಮಗಳ ಮೊಬೈಲಿನಲ್ಲಿ ಚಿತ್ರವಾಗಿ ಮಾತ್ರ ಇತ್ತು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅವಳು ಆರು ವರ್ಷ ಕೂಡಿಟ್ಟ ಹಣದಲ್ಲಿ ತನ್ನದೇ ಒಂದು ಕಾರು ತೆಗೆದುಕೊಳ್ಳುತ್ತೇನೆ ಎಂದಾಗ ಎಲ್ಲರಿಗೂ ಸಂತೋಷವಾಯಿತು. ಯಾವ ಕಾರು ಎಂದು ತೋರಿಸಿದ ಮೇಲೆ ಆ ಸಂತೋಷ ಅರ್ಧಕ್ಕಿಳಿಯಿತು. ನಾಲ್ಕು ಮೀಟರಿಗೆ ಕೂದಲೆಳೆಯಷ್ಟು ಕಡಿಮೆ ಉದ್ದ, ಒಂದು ಲೀಟರಿನ ಪುಟ್ಟ ಎಂಜಿನ್ನು, ಅದಕ್ಕೆ ಟರ್ಬೊ ಕೂಡಿಸಿ ೧೨೦ ಅಶ್ವಶಕ್ತಿ. ನೋಡಲು ಚಿಕ್ಕದು, ಓಡಲು ಚುರುಕು.

"ಹಿಂದಿನ ಸೀಟಿನ್ಯಾಗ ಮೂರು ಮಂದಿ ಆರಾಮ ಕೂಡ್ತಾರೇನು?" ಎಂದು ನಮ್ಮ ಮನೆಯವರು ಕೇಳಿದರು.

"ನಾ ಒಬ್ಬಾಕಿನ ಅಡ್ಡಾಡಾಕಿ ಪಪ್ಪಾ."

"ಲೀಟರಿಗೆ ಎಷ್ಟು ಕೊಡತೈತಿ?" ಇದು ನನ್ನ ಮೈದುನನ ಪ್ರಶ್ನೆ. "ಅದ ರೊಕ್ಕಕ್ಕ ಎತ್ತರದ, ದೊಡ್ಡ ಗಾಡಿ ಬರ್ತೈತಲ್ಲ ತಂಗಿ. ಊರಾಗಿನ ಜೋಳದ ಚೀಲ ಹಾಕಾಕೂ ಆಗತೈತಿ."

ಹೀಗೆ ಮಾತು ಬೆಳೆಯಿತು. ಕೊನೆಗೆ ನಮ್ಮ ಮನೆಯವರು ನನ್ನ ಕಡೆ ತಿರುಗಿ, "ಮೂವತ್ತು ವರ್ಷ ಸಾಲ್ಯಾಗ ಇತಿಹಾಸ ಕಲಿಸೀದಿ. ಈಗ ನೀನ ನ್ಯಾಯ ಹೇಳು" ಎಂದರು. ತಮಾಷೆಗೆ ಅಂದ ಮಾತದು. ನಾನು ಮಾತ್ರ ಅದನ್ನು ನಿಜವೆಂದೇ ಹಿಡಿದು ನಾಲ್ಕು ದಿನ ಯೋಚಿಸಿದೆ. ಯೋಚಿಸುತ್ತ ಹೋದಂತೆ ಈ ಜಗಳ ಒಂದು ಕಾರಿನದಲ್ಲ, ನಮ್ಮಂಥ ಮನೆಗಳಲ್ಲಿ 'ಉಪಯೋಗ' ಎಂಬ ಮಾತಿಗೆ ಯಾರು ಅರ್ಥ ಹೇಳುತ್ತ ಬಂದಿದ್ದಾರೆ ಎಂಬುದರದು ಅನ್ನಿಸತೊಡಗಿತು.

ನಮ್ಮ ಮನೆ ಬೈರಿದೇವರಕೊಪ್ಪದಲ್ಲಿದೆ. ಹುಬ್ಬಳ್ಳಿಯಿಂದ ಹೊರಟು ಉಣಕಲ್ಲ ಕೆರೆ ದಾಟಿದರೆ ನಮ್ಮೂರು, ನಮ್ಮೂರು ದಾಟಿದರೆ ನವನಗರ, ಮುಂದೆ ಧಾರವಾಡ. ಮಾಳಿಗೆ ಮೇಲೆ ನಿಂತರೆ ಪಿ.ಬಿ. ರಸ್ತೆ ಕಾಣುತ್ತದೆ. ಪೂನಾ-ಬೆಂಗಳೂರಿನ ಆ ಹಳೆಯ ರಸ್ತೆಯಲ್ಲಿ ಈ ದೇಶದ ಕಾರುಗಳ ಚರಿತ್ರೆಯೆಲ್ಲ ನನ್ನ ಕಣ್ಣ ಮುಂದೆಯೇ ಮೆರವಣಿಗೆ ಹೋದ ಹಾಗೆ ಹೋಗಿದೆ. ಪುಸ್ತಕದಲ್ಲಿ ಓದಿದ್ದಕ್ಕಿಂತ ಒಗೆದ ಬಟ್ಟೆ ಹರವುತ್ತ ನಾನು ನೋಡಿದ್ದೇ ಹೆಚ್ಚು.

ನಾನು ಮೊದಲು ಹತ್ತಿದ ಕಾರು ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದ ನಮ್ಮ ಸೋದರಮಾವನದು, ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನ ಟ್ರಯಂಫ್ ಕಂಪನಿಯ ಈ ಗಾಡಿಯನ್ನು ೧೯೬೧ರಿಂದ ಮದರಾಸಿನಲ್ಲಿ ತಯಾರಿಸುತ್ತಿದ್ದರು. ಅದರ ರೂಪ ಬರೆದವನು ಇಟಲಿಯ ಮಿಕೆಲೊಟ್ಟಿ. ಮುಂದಿನ ಮುಚ್ಚಳವನ್ನು ಎತ್ತಿದರೆ ಮಡ್‌ಗಾರ್ಡು, ದೀಪ ಸಮೇತ ಇಡೀ ಮೂತಿಯೇ ಮೊಸಳೆ ಬಾಯಿ ತೆರೆದಂತೆ ಮುಂದಕ್ಕೆ ಬಾಗುತ್ತಿತ್ತು. ಮಾಮಾನ ದೊಡ್ಡ ಹೆಮ್ಮೆ ಮಾತ್ರ ಬೇರೆ, ಗಾಡಿ ಎಷ್ಟು ಸಣ್ಣ ಜಾಗದಲ್ಲಿ ತಿರುಗುತ್ತದೆ ಎಂಬುದು. ಬರೀ ಇಪ್ಪತ್ತೈದು ಅಡಿಯ ವರ್ತುಲದಲ್ಲಿ ಅದು ಗಿರ್ರನೆ ಹೊರಳುತ್ತಿತ್ತು. ಬಂದವರಿಗೆಲ್ಲ ಓಣಿಯಲ್ಲಿ ಒಮ್ಮೆ ತಿರುಗಿಸಿ ತೋರಿಸದೆ ಅವರು ಚಹಾ ಕೊಡಿಸುತ್ತಿರಲಿಲ್ಲ.

ಆದರೆ ಆ ಗಾಡಿಗಿದ್ದದ್ದು ಎರಡೇ ಬಾಗಿಲು. ಮುಂದಿನ ಸೀಟು ಮಡಚಿ, ಸೊಂಟ ಬಗ್ಗಿಸಿ, ಸೀರೆಯ ನೆರಿಗೆ ಒಂದು ಕೈಯಲ್ಲಿ, ಕೂಸು ಇನ್ನೊಂದು ಕೈಯಲ್ಲಿ ಹಿಡಿದು ಹಿಂದೆ ನುಸುಳಬೇಕು. ಹಾಗೆ ನುಸುಳುವವರು ಯಾವಾಗಲೂ ಅವ್ವ, ಅತ್ತಿ, ಅಜ್ಜಿ ಮತ್ತು ನಾವು ಮಕ್ಕಳು. ಒಳಗೆ ಹೋದ ಮೇಲೆ ಮುಂದೆ ಕೂತವರು ಇಳಿಯುವ ತನಕ ನಮಗೆ ಬಿಡುಗಡೆಯಿಲ್ಲ. ಗಾಡಿ ಎಷ್ಟು ಚಂದ ತಿರುಗಿತು ಎನ್ನುವುದು ಮುಂದೆ ಕೂತವರ ಮಾತು, ಹೊಟ್ಟೆ ತೊಳಸಿತು ಎನ್ನುವುದು ಹಿಂದೆ ಕೂತವರ ಮಾತು. ಕಾರಿನ ಚುರುಕು, ಕಾರಿನ ಅನುಕೂಲ ಎಂಬ ವಾದದಲ್ಲಿ ಯಾರು ಯಾವ ಸೀಟಿನಿಂದ ಮಾತಾಡುತ್ತಿದ್ದಾರೆ ಎಂದು ನೋಡಬೇಕೆಂಬ ಪಾಠ ನನಗೆ ಆಗಲೇ ಆಗಿತ್ತು. ಅದು ಪಾಠವೆಂದು ತಿಳಿಯಲು ಮಾತ್ರ ಐವತ್ತು ವರ್ಷ ಬೇಕಾಯಿತು.

ಆಗ ಆರಿಸಿಕೊಳ್ಳುವ ಮಾತೇ ಇರಲಿಲ್ಲ. ಉತ್ತರಪಾರಾದ ಅಂಬಾಸಿಡರ್, ಮುಂಬಯಿಯ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್, ಇಷ್ಟೇ. ಎಷ್ಟು ಗಾಡಿ ತಯಾರಿಸಬೇಕೆಂಬುದಕ್ಕೂ ಸರಕಾರದ ಲೈಸೆನ್ಸು. ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಕಾರು ಬಂತೆಂದರೆ ಸಾಕು, ಅದು ಓಡುತ್ತದೆಂದರೆ ಇನ್ನೂ ಸಾಕು. ಚುರುಕೋ ಮಂದವೋ ಎಂದು ಕೇಳುವವರು ಯಾರು?

ಜಗತ್ತಿನ ಬೇರೆ ಕಡೆ ಅಷ್ಟರಲ್ಲಿ ಒಂದು ವಿಚಿತ್ರ ನಡೆದುಹೋಗಿತ್ತು. ೧೯೫೬ರಲ್ಲಿ ಈಜಿಪ್ಟಿನ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ್ದನ್ನು ನಾನು ಹತ್ತನೆಯ ಇಯತ್ತೆಯ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅದರ ಬೆನ್ನಿಗೇ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಕಡಿಮೆ ಎಣ್ಣೆಯಲ್ಲಿ ನಾಲ್ಕು ಜನರನ್ನು ಒಯ್ಯುವ ಕಾರು ಬೇಕೆಂದು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರನಿಗೆ ಅವನ ಕಂಪನಿ ಹೇಳಿತು. ಅವನು ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿಟ್ಟ, ಮುಂದಿನ ಗಾಲಿಗಳಿಗೇ ಎಳೆಯುವ ಕೆಲಸ ಕೊಟ್ಟ, ಹತ್ತೇ ಇಂಚಿನ ಗಾಲಿಗಳನ್ನು ನಾಲ್ಕೂ ಮೂಲೆಗೆ ಸರಿಸಿದ. ಹತ್ತಡಿ ಉದ್ದದ ಗಾಡಿಯಲ್ಲಿ ಬಹುಪಾಲು ಜಾಗ ಮನುಷ್ಯರಿಗೇ ಉಳಿಯಿತು. ೧೯೫೯ರ ಆಗಸ್ಟಿನಲ್ಲಿ ಹೊರಬಂದ ಆ ಕಾರೇ ಮಿನಿ.

ಇದು ಮನೆಮಂದಿಗಾಗಿ ಮಾಡಿದ ಉಳಿತಾಯದ ಗಾಡಿ. ಆದರೆ ಓಡಿಸಿದವರಿಗೆ ಬೇರೆಯೇ ಒಂದು ಗುಣ ಕಂಡಿತು. ಹಗುರವಾದ ಮೈ, ಮೂಲೆಯಲ್ಲಿರುವ ಗಾಲಿ, ನೆಲಕ್ಕೆ ಹತ್ತಿರದ ಭಾರ, ಇವೆಲ್ಲ ಸೇರಿ ತಿರುವುಗಳಲ್ಲಿ ದೊಡ್ಡ ಕಾರುಗಳನ್ನು ಅದು ಹಿಂದೆ ಹಾಕುತ್ತಿತ್ತು. ನಮಗಿದು ಹೊಸದಲ್ಲ. ತಲೆ ಮೇಲೊಂದು, ಕಂಕುಳಲ್ಲೊಂದು ತುಂಬಿದ ಕೊಡ ಹೊತ್ತವಳು ಓಣಿಯ ತಿರುವಿನಲ್ಲಿ ನಿಧಾನಿಸಲೇಬೇಕು. ಬರಿಗೈಯ ಹುಡುಗಿ ಓಡಿಯೇ ತಿರುಗುತ್ತಾಳೆ. ಜಾನ್ ಕೂಪರ್ ಎಂಬ ರೇಸ್ ಕಾರಿನ ತಯಾರಕ ಆ ಗಾಡಿಗೆ ಎಂಜಿನ್ ಬಲ, ಬ್ರೇಕಿನ ಬಲ ಎರಡೂ ಸೇರಿಸಿ ೧೯೬೧ರಲ್ಲಿ ಮಿನಿ ಕೂಪರ್ ಮಾಡಿಸಿದ. ೧೯೬೪, ೧೯೬೫, ೧೯೬೭ರಲ್ಲಿ ಅದು ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದನ್ನು ಕಾರಿನ ಹುಚ್ಚಿರುವ ಗಂಡುಮಕ್ಕಳೆಲ್ಲ ಬಾಯಿಪಾಠ ಒಪ್ಪಿಸುತ್ತಾರೆ. ಅದಕ್ಕೂ ಮೊದಲು, ೧೯೬೨ರಲ್ಲಿ, ನೆದರ್‌ಲೆಂಡ್ಸಿನ ಟ್ಯೂಲಿಪ್ ರ‍್ಯಾಲಿಯಲ್ಲಿ ಮಿನಿ ಕೂಪರಿಗೆ ಮೊದಲ ದೊಡ್ಡ ಗೆಲುವು ತಂದುಕೊಟ್ಟವಳು ಪ್ಯಾಟ್ ಮಾಸ್ ಎಂಬ ಹೆಣ್ಣುಮಗಳು. ಪಕ್ಕದಲ್ಲಿ ದಾರಿ ಹೇಳಿದವಳೂ ಹೆಣ್ಣೇ, ಆ್ಯನ್ ವಿಸ್ಡಮ್. ಅಣ್ಣ ಸ್ಟರ್ಲಿಂಗ್ ಮಾಸ್‌ನ ಹೆಸರು ಗೊತ್ತಿದ್ದವರಿಗೂ ಈ ತಂಗಿಯ ಹೆಸರು ಗೊತ್ತಿರುವುದಿಲ್ಲ.

ಅಂದರೆ ಚರಿತ್ರೆಯಲ್ಲಿ ಅನುಕೂಲ ಮತ್ತು ಚುರುಕು ಹುಟ್ಟಾ ವೈರಿಗಳಲ್ಲ. ಒಂದೇ ಲೆಕ್ಕದಿಂದ ಹುಟ್ಟಿದ ಅಕ್ಕತಂಗಿಯರು. ೧೯೭೬ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಸಂಸಾರಸ್ಥ ಗಾಲ್ಫ್ ಕಾರಿಗೆ ೧೧೦ ಅಶ್ವಶಕ್ತಿಯ ಎಂಜಿನ್ ಹಾಕಿ ಜಿ.ಟಿ.ಐ. ಎಂದು ಮಾರಿದಾಗಲೂ ಇದೇ ಆಯಿತು. ಐದು ಸಾವಿರ ಮಾರಿದರೆ ಸಾಕೆಂದುಕೊಂಡಿದ್ದರು. ಆ ಮೊದಲ ರೂಪವೊಂದೇ ನಾಲ್ಕು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಸಂತೆಗೂ ಹೋಗಬಹುದು, ಘಟ್ಟವನ್ನೂ ಹತ್ತಬಹುದು ಎಂಬುದೇ ಜನಕ್ಕೆ ಹಿಡಿಸಿದ್ದು.

ನಮ್ಮಲ್ಲಿ ಈ ಸಂಗತಿ ತಿಳಿದದ್ದು ಮಾರುತಿಯಿಂದ. ೧೯೮೩ರ ಡಿಸೆಂಬರ್ ೧೪ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ ೮೦೦ರ ಕೀಲಿಯನ್ನು ದಿಲ್ಲಿಯ ಹರಪಾಲ್ ಸಿಂಗ್ ಅವರಿಗೆ ಕೊಟ್ಟಾಗ ನಾನು ಹೈಸ್ಕೂಲಿನಲ್ಲಿದ್ದೆ. ಆಗ ಅದರ ಬೆಲೆ ಐವತ್ತು ಸಾವಿರದ ಆಸುಪಾಸು. "ಇದೇನ ಸೋಪಿನ ಡಬ್ಬಿ" ಎಂದು ಮಾಮಾ ನಕ್ಕಿದ್ದರು. ಆದರೆ ಲೆಕ್ಕ ಹಾಕಿ ನೋಡಿ. ಅಂಬಾಸಿಡರಿನ ಒಂದೂವರೆ ಲೀಟರಿನ ಎಂಜಿನ್ನಿಗೆ ಸುಮಾರು ೫೦ ಅಶ್ವಶಕ್ತಿ, ಎಳೆಯಬೇಕಾದ ಭಾರ ೧೧೦೦ ಕಿಲೊಗೂ ಹೆಚ್ಚು. ಮಾರುತಿಯ ೭೯೬ ಸಿ.ಸಿ. ಎಂಜಿನ್ನಿಗೆ ಸುಮಾರು ೩೭, ಎಳೆಯುವ ಭಾರ ಹೆಚ್ಚೆಂದರೆ ೬೫೦ ಕಿಲೊ. ಒಂದೊಂದು ಕುದುರೆಯ ಪಾಲಿಗೆ ಬರುವ ಹೊರೆ ಸೋಪಿನ ಡಬ್ಬಿಯಲ್ಲೇ ಕಡಿಮೆ. ಅದಕ್ಕೇ ನಮ್ಮ ರಸ್ತೆಯಲ್ಲಿ ಮಾರುತಿಗಳು ಅಂಬಾಸಿಡರುಗಳನ್ನು ಕಾಡುಬೆಕ್ಕಿನಂತೆ ದಾಟಿಕೊಂಡು ಹೋಗುತ್ತಿದ್ದವು.

೧೯೯೯ರಲ್ಲಿ ನಮ್ಮ ಮನೆಗೂ ಒಂದು ಮಾರುತಿ ಬಂತು, ಸೆಕೆಂಡ್‌ಹ್ಯಾಂಡ್. ಕುಂಕುಮ ಹಚ್ಚಿ, ನಿಂಬೆಹಣ್ಣು ಗಾಲಿಗಿಟ್ಟು ಬರಮಾಡಿಕೊಂಡೆವು. ಒಂದು ವಾರ ಬಿಟ್ಟು ನಾನು ಮೆಲ್ಲಗೆ, "ನನಗೂ ಕಲಸ್ರಿ" ಎಂದೆ. "ನಿನಗ ಎಲ್ಲಿ ಹೋಗೂದೈತಿ? ಸಾಲಿ ಬಾಗಲಕ್ಕ ಬಸ್ ಐತಿ" ಎಂದರು. ಸಿಟ್ಟಿನಿಂದ ಅಂದದ್ದಲ್ಲ. ಹೆಂಡತಿ ಕಾರು ಕಲಿಯುವುದರಲ್ಲಿ ಅವರಿಗೆ ಉಪಯೋಗ ಕಾಣಲಿಲ್ಲ, ಅಷ್ಟೇ. ನಾನೂ ಮತ್ತೆ ಕೇಳಲಿಲ್ಲ. ಕಾರು ಅತ್ತೆಯವರನ್ನು ಗುಡಿಗೆ ಒಯ್ದಿತು, ಊರಿನಿಂದ ಜೋಳ ತಂದಿತು, ಮದುವೆ ಮುಂಜಿವೆಗೆ ಆರು ಜನರನ್ನು ತುಂಬಿಕೊಂಡು ಓಡಿತು. ಅದಕ್ಕಿಂತ ಉಪಯೋಗದ ಗಾಡಿ ಇಲ್ಲ ಎಂದು ಎಲ್ಲರೂ ಹೇಳುತ್ತಿದ್ದರು.

೨೦೦೬ರ ಮಳೆಗಾಲದ ಒಂದು ರಾತ್ರಿ ಅತ್ತೆಯವರಿಗೆ ಎದೆನೋವು ಬಂತು. ಮನೆಯವರು ಕೆಲಸದ ಮೇಲೆ ಬೆಳಗಾವಿಗೆ ಹೋಗಿದ್ದರು. ಹತ್ತು ವರ್ಷದ ಮಗಳು, ನಾನು, ಬೆವರುತ್ತ ಮಲಗಿದ ಅತ್ತೆ. ಅಂಗಳದಲ್ಲಿ ಕಾರು, ಮೊಳೆಯಲ್ಲಿ ಕೀಲಿ. ಎಲ್ಲವೂ ಇದ್ದವು, ಓಡಿಸುವವರು ಇರಲಿಲ್ಲ. ಮಳೆಯಲ್ಲಿ ಓಡಿ ನಾಲ್ಕು ಮನೆ ಬಾಗಿಲು ಬಡಿದೆ. ಕೊನೆಗೆ ಓಣಿಯ ಹುಡುಗನೊಬ್ಬ ಬಂದು ಹುಬ್ಬಳ್ಳಿಯ ಆಸ್ಪತ್ರೆಗೆ ಮುಟ್ಟಿಸಿದ. ನಡುವೆ ಹೋದದ್ದು ಅರ್ಧ ತಾಸು. ಅತ್ತೆ ಬದುಕಿದರು, ದೇವರು ದೊಡ್ಡವ. ಆ ಅರ್ಧ ತಾಸು ಮಾತ್ರ ನನ್ನ ಮೈಯಿಂದ ಇನ್ನೂ ಹೋಗಿಲ್ಲ. ಎಂಥ ಉಪಯೋಗದ ಕಾರಾದರೂ, ಮನೆಯ ಅರ್ಧ ಜನರಿಗೆ ಓಡಿಸಲು ಬಾರದಿದ್ದರೆ ಅದು ಅರ್ಧ ಉಪಯೋಗದ್ದೇ.

ಅತ್ತೆಯವರು ಆಸ್ಪತ್ರೆಯಿಂದ ಬಂದು ಹಾಸಿಗೆಯಲ್ಲಿ ಎದ್ದು ಕೂತ ದಿನ ಮೊದಲು ಆಡಿದ ಮಾತು: "ಆಕೀಗೆ ಗಾಡಿ ಕಲಿಸೋ." ಮಗನಿಗೆ ಎದುರಾಡಲು ಏನೂ ಉಳಿಯಲಿಲ್ಲ. ಮೂವತ್ತಾರನೆಯ ವಯಸ್ಸಿನಲ್ಲಿ ನವನಗರದ ಖಾಲಿ ರಸ್ತೆಗಳಲ್ಲಿ ಕ್ಲಚ್ಚು ಬಿಡುವುದನ್ನು ಕಲಿತೆ. ಮೊದಲ ಸಲ ಮೂರನೆಯ ಗೇರಿಗೆ ಬಿದ್ದು ಗಾಡಿ ಹಗುರವಾಗಿ ಮುಂದಕ್ಕೆ ಹಾರಿದಾಗ ನನಗೆ ಅರಿಯದೆ ನಗು ಬಂತು. ಮಾಮಾ ಓಣಿಯಲ್ಲಿ ಹೆರಾಲ್ಡ್ ತಿರುಗಿಸಿ ಯಾಕೆ ನಗುತ್ತಿದ್ದರೆಂದು ಆಗ ತಿಳಿಯಿತು. ಆ ಸಂತೋಷವನ್ನು ಕೆಲಸಕ್ಕೆ ಬಾರದ್ದು ಎಂದು ನಾನಿನ್ನು ಹೇಗೆ ಹೇಳಲಿ?

ಅಷ್ಟರಲ್ಲಿ ರಸ್ತೆಯ ಮೇಲೆ ಬೇರೆ ಬೇರೆ ಗಾಡಿಗಳು ಬಂದಿದ್ದವು. ೧೯೯೩ರಲ್ಲಿ ಬಂದ ಝೆನ್ ೯೯೩ ಸಿ.ಸಿ.ಯ ಅಲ್ಯುಮಿನಿಯಂ ಎಂಜಿನ್ನಿನ ದುಂಡು ಗಾಡಿ. ಆಲ್ಟೊ ಎಂಬ ಹೆಸರಿನಲ್ಲಿ ಯುರೋಪಿಗೂ ಹೋಯಿತು. ಹುಬ್ಬಳ್ಳಿಯ ವ್ಯಾಪಾರಸ್ಥರ ಮಕ್ಕಳು ಅದಕ್ಕೆ ಸ್ಟಿಕರು ಅಂಟಿಸಿ ಸೈಲೆನ್ಸರು ಬದಲಿಸಿದ್ದು ನೆನಪಿದೆ. ಬೆಂಗಳೂರು ಮೂಲದ ಸ್ಯಾನ್ ಮೋಟಾರ್ಸ್ ತೊಂಬತ್ತರ ದಶಕದ ಕೊನೆಗೆ ಸ್ಟಾರ್ಮ್ ಎಂಬ ಕಾರನ್ನು ಮಾಡಿತು. ಫೈಬರಿನ ಮೈ, ರೆನೊ ಕಂಪನಿಯ ೧೧೪೯ ಸಿ.ಸಿ. ಎಂಜಿನ್ನು, ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ. ಹೆಸರು ಬಿರುಗಾಳಿ, ಬಲ ೬೦ ಅಶ್ವಶಕ್ತಿ. ಧೂಳು, ಮಳೆ, ಅವಿಭಕ್ತ ಕುಟುಂಬ ಮೂರೂ ಇರುವ ನಾಡಿನಲ್ಲಿ ಅದನ್ನು ಕೊಂಡವರು ಬಹಳ ಕಡಿಮೆ. ೨೦೦೧ರಲ್ಲಿ ಬಂದ ಫಿಯೆಟ್ ಪಾಲಿಯೊದ ೧.೬ ಲೀಟರಿನ ಗಾಡಿಗೆ ೧೦೦ ಅಶ್ವಶಕ್ತಿ. ಓಡಿಸಿದವರು ಹೊಗಳಿದರು, ಪೆಟ್ರೋಲು ಹಾಕಿಸಿದವರು ಮರುಗಿದರು.

ಅದೇ ೨೦೦೧ರಲ್ಲಿ ಬೆಂಗಳೂರಿನ ಮೈನಿಯವರ ರೇವಾ ಬಂತು. ವಿದ್ಯುತ್ತಿನಿಂದ ಓಡುವ ಪುಟ್ಟ ಕಾರು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಎರಡು ಮಕ್ಕಳು. ಒಮ್ಮೆ ಚಾರ್ಜು ಮಾಡಿದರೆ ೮೦ ಕಿಲೋಮೀಟರ್. ಗೇರಿಲ್ಲ, ಕ್ಲಚ್ಚಿಲ್ಲ. ಆಗ ನಕ್ಕವರೇ ಹೆಚ್ಚು. ಲಂಡನ್ನಿನಲ್ಲಿ ಅದು ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು, ಅಲ್ಲಿಯ ದಟ್ಟಣೆ ಶುಲ್ಕ ಅದಕ್ಕೆ ಇರಲಿಲ್ಲ. ೨೦೧೦ರಲ್ಲಿ ಮಹೀಂದ್ರದವರು ಆ ಕಂಪನಿಯ ಹೆಚ್ಚಿನ ಪಾಲು ಕೊಂಡರು. ಇಂದು ವಿದ್ಯುತ್ ಕಾರುಗಳು ಸಿಗ್ನಲ್ ಹಸಿರಾದ ಕೂಡಲೆ ಬಾಣದಂತೆ ಹೋಗುವುದನ್ನು ನೋಡಿದಾಗ, ನಗೆಪಾಟಲಾದ ಆ ಪುಟ್ಟ ಗಾಡಿಯ ನೆನಪಾಗುತ್ತದೆ.

ಚಿಕ್ಕ ಕಾರೆಂದರೆ ಯಾವುದು ಎಂದು ಕೊನೆಗೆ ಅಳೆದು ಹೇಳಿದ್ದು ತೆರಿಗೆಯವರ ಅಳತೆಪಟ್ಟಿ. ೨೦೦೬ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗೆ ಮೀರದ ಉದ್ದ, ಪೆಟ್ರೋಲಾದರೆ ೧೨೦೦ ಸಿ.ಸಿ., ಡೀಸೆಲಾದರೆ ೧೫೦೦ ಸಿ.ಸಿ. ಒಳಗಿನ ಕಾರಿಗೆ ಅಬಕಾರಿ ಸುಂಕವನ್ನು ಶೇಕಡಾ ೨೪ರಿಂದ ೧೬ಕ್ಕೆ ಇಳಿಸಿದರು. ಅಂದಿನಿಂದ ಕಂಪನಿಗಳು ದರ್ಜಿಗಳಂತೆ ಗಾಡಿಯ ಬಾಲ ಕತ್ತರಿಸಿ ಆ ಅಳತೆಗೆ ಹೊಂದಿಸಿದವು. ೨೦೨೫ರ ಸೆಪ್ಟೆಂಬರ್ ೨೨ರಿಂದ ಅದೇ ಅಳತೆಯ ಕಾರುಗಳ ಜಿ.ಎಸ್.ಟಿ. ಶೇಕಡಾ ೨೮ರಿಂದ ೧೮ಕ್ಕೆ ಇಳಿಯಿತು. ನನ್ನ ಮಗಳು ದೀಪಾವಳಿಗೇ ಈ ಮಾತು ತೆಗೆದದ್ದರ ಗುಟ್ಟು ಇದೇ.

ಬರೀ ಉಪಯೋಗವನ್ನೇ ನಂಬಿ ಮಾಡಿದ ಕಾರಿನ ಕಥೆಯೂ ನಮಗೆ ಹತ್ತಿರದ್ದು. ೨೦೦೮ರಲ್ಲಿ ಟಾಟಾದವರು ಸಿಂಗೂರು ಬಿಡುವಾಗ ಒಂದು ಲಕ್ಷದ ನ್ಯಾನೊ ಧಾರವಾಡಕ್ಕೆ ಬರುತ್ತದೆಂದು ನಮ್ಮೂರಲ್ಲೆಲ್ಲ ಗುಲ್ಲೆದ್ದಿತ್ತು. ಕರ್ನಾಟಕ ಸರಕಾರ ಜಾಗ ಕೊಡಲು ಮುಂದಾಗಿತ್ತು. ಹೊಲ ಇದ್ದವರು ಕನಸು ಕಂಡರು. ಕೊನೆಗೆ ಅದು ಗುಜರಾತಿನ ಸಾಣಂದಕ್ಕೆ ಹೋಯಿತು, ೨೦೧೮ರಲ್ಲಿ ತಯಾರಿಕೆಯೂ ನಿಂತಿತು. ಸ್ಕೂಟರಿನ ಮೇಲೆ ಮಳೆಯಲ್ಲಿ ನೆನೆಯುವ ಸಂಸಾರಕ್ಕಾಗಿ ಮಾಡಿದ ಕಾರು. ಉದ್ದೇಶ ಒಳ್ಳೆಯದೇ. ಆದರೆ ಅತಿ ಅಗ್ಗದ ಕಾರು ಎನ್ನಿಸಿಕೊಳ್ಳುವುದು ಕೊಳ್ಳುವವರಿಗೆ ಬೇಡವಾಗಿತ್ತು. ಮನುಷ್ಯನಿಗೆ ಅನುಕೂಲದ ಜೊತೆ ಸ್ವಲ್ಪ ಆಸೆಯೂ ಬೇಕು. ಇನ್ನೊಂದು ಕಡೆ, ಬರೀ ಚುರುಕನ್ನೇ ಮಾರಲು ಹೋದವರೂ ನಿಲ್ಲಲಿಲ್ಲ. ೨೦೧೭ರ ಬಲೆನೊ ಆರ್.ಎಸ್., ೨೦೧೮ರ ಟಿಯಾಗೊ ಜೆ.ಟಿ.ಪಿ. ಎರಡೂ ೨೦೨೦ರ ಹೊತ್ತಿಗೆ ಅಂಗಡಿಯಿಂದ ಮರೆಯಾಗಿದ್ದವು.

ಇಷ್ಟೆಲ್ಲ ಇತಿಹಾಸ ಹೇಳಿದರೂ ತಾಯಿಯ ಕರುಳು ಕೇಳುವ ಪ್ರಶ್ನೆ ಬೇರೆ. ೨೦೨೧ರ ಜನವರಿ ೧೫ರಂದು ನಮ್ಮ ಬೈಪಾಸಿನ ಇಟ್ಟಿಗಟ್ಟಿ ಹತ್ತಿರ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಟೆಂಪೊಗೆ ಟಿಪ್ಪರ್ ಡಿಕ್ಕಿಯಾದದ್ದನ್ನು ನಾವು ಮರೆಯಲಾರೆವು. ಬಾಲ್ಯದ ಶಾಲೆಯ ಗೆಳತಿಯರು, ನಮ್ಮಂಥ ಗೃಹಸ್ಥೆಯರು. ಆ ಬೆಳಿಗ್ಗೆ ಸುದ್ದಿ ತಿಳಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. "ಇಂಥಾ ರಸ್ತೇದ ಮ್ಯಾಲೆ ೧೨೦ ಕುದುರಿ ನಿನಗ್ಯಾಕ ಬೇಕು?" ಎಂದು ಮಗಳನ್ನು ಕೇಳಿದೆ.

ಅವಳು ಸಿಟ್ಟಾಗಲಿಲ್ಲ. "ಅವ್ವಾ, ಜೋರು ಓಡಸಾಕಲ್ಲ. ಲಾರಿ ದಾಟೂ ಮುಂದ ಎದುರಿನ ಬಾಜೂಕ ಇರೂ ಹೊತ್ತು ಕಡಿಮಿ ಆಗಬೇಕು. ಬ್ರೇಕ್ ಒತ್ತಿದ್ರ ಗಾಡಿ ನೆಟ್ಟಗ ನಿಂದರಬೇಕು. ಆರು ಏರ್‌ಬ್ಯಾಗ್ ಅದಾವ, ಜಾರಿದ್ರ ತಡಿಯೂ ಯಂತ್ರ ಐತಿ. ನೀವು ಹೇಳೂ ಉಪಯೋಗದ ಪಟ್ಟಿಯೊಳಗ ಇವು ಯಾಕಿಲ್ಲ?"

ಅವಳ ಮಾತಿನಲ್ಲಿ ನ್ಯಾಯವಿತ್ತು. ೨೦೧೪ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಐದು ಜನಪ್ರಿಯ ಚಿಕ್ಕ ಕಾರುಗಳನ್ನು ತಾಸಿಗೆ ೬೪ ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ ಐದಕ್ಕೂ ಸೊನ್ನೆ ಬಂದಿತ್ತು. ಅವುಗಳಲ್ಲಿ ಒಂದಾದ ಪೋಲೊಗೆ ಎರಡು ಏರ್‌ಬ್ಯಾಗ್ ಕೂಡಿಸಿ ಮತ್ತೆ ಪರೀಕ್ಷಿಸಿದರೆ ನಾಲ್ಕು ನಕ್ಷತ್ರ. ಮೈಲೇಜು, ಡಿಕ್ಕಿಯ ಜಾಗ, ಮಾರಿದರೆ ಬರುವ ಬೆಲೆ ಎಲ್ಲ ಕೇಳಿದ ನಾವು ಅಲ್ಲಿಯವರೆಗೆ ಜೀವದ ಮಾತು ಕೇಳಿರಲಿಲ್ಲ. ಹೊಸ ಕಾರುಗಳಿಗೆಲ್ಲ ಮುಂದಿನ ಎರಡು ಏರ್‌ಬ್ಯಾಗ್ ಕಡ್ಡಾಯವಾದದ್ದೇ ೨೦೨೨ರ ಜನವರಿಯಿಂದ. ಆರು ಜನರನ್ನು ತುಂಬಿಕೊಂಡು ಓಡಿದ ನಮ್ಮ ಆ ಉಪಯೋಗದ ಮಾರುತಿಯನ್ನು ನೆನೆದರೆ ಈಗ ಮೈ ಜುಂ ಎನ್ನುತ್ತದೆ.

ಹಾಗೆಂದು ಅವಳ ಮಾತನ್ನು ಪೂರ್ತಿ ಒಪ್ಪಿದೆನೆಂದಲ್ಲ. ಒಳ್ಳೆಯ ಬ್ರೇಕು ಇದೆಯೆಂಬ ಧೈರ್ಯವೇ ಕೆಲವರ ಕಾಲನ್ನು ಭಾರ ಮಾಡುತ್ತದೆ. ಚುರುಕಾದ ಗಾಡಿ ಅವಸರದ ಕೈಗೆ ಸಿಕ್ಕರೆ ಕತ್ತಿ. ಅದನ್ನೂ ಹೇಳಿದೆ. "ಅದು ಗಾಡೀದು ಪ್ರಶ್ನಿ ಅಲ್ಲವ್ವಾ, ನನ್ನದು" ಎಂದಳು. ಪ್ರಶ್ನೆ ತನ್ನದೆಂದು ಒಪ್ಪಿಕೊಂಡವಳ ಕೈಗೆ ಕೀಲಿ ಕೊಡಬಹುದು ಅನ್ನಿಸಿತು. ದುಡಿದದ್ದು ಅವಳು, ಓಡಿಸುವವಳು ಅವಳು. ವರ್ಷಕ್ಕೊಮ್ಮೆ ಬರುವ ಜೋಳದ ಚೀಲಕ್ಕಾಗಿ, ಎಂದೋ ಕೂಡುವ ಮೂವರಿಗಾಗಿ ಅವಳು ದಿನವೂ ಬೇಡದ ಗಾಡಿ ಓಡಿಸಬೇಕೆಂದು ಹೇಳುವುದು ಅನುಕೂಲದ ಮಾತಲ್ಲ, ನಮ್ಮ ಅನುಕೂಲದ ಮಾತು. ನಾನು ಹಾಗೆಯೇ ತೀರ್ಪು ಹೇಳಿದೆ. ಮೈದುನ ಎದ್ದು ಚಹಾ ಕುಡಿಯಲು ಹೋದ. ಮನೆಯವರು ಸುಮ್ಮನಾದರು.

ಸಂಕ್ರಾಂತಿಗೆ ಅವಳು ಹೊಸ ಕಾರಿನಲ್ಲಿ ಬಂದಳು. ಎಳ್ಳುಬೆಲ್ಲ ಹಂಚಿದ ಮೇಲೆ ಕೀಲಿಯನ್ನು ನನ್ನ ಕೈಗಿಟ್ಟು ಪಕ್ಕದ ಸೀಟಿನಲ್ಲಿ ಕೂತಳು. ಮನೆಯವರು ಹಿಂದೆ. ಧಾರವಾಡದ ಕಡೆ ಹೊರಟೆವು. ನಮ್ಮೂರ ಸಿಗ್ನಲ್ಲಿನಲ್ಲಿ ಒಂದು ಮುಪ್ಪಿನ ಮಾರುತಿ ೮೦೦ರ ಪಕ್ಕ ನಮ್ಮ ೧೨೦ ಅಶ್ವಶಕ್ತಿಯೂ ತೆಪ್ಪಗೆ ನಿಂತಿತು. ನಡುವಿನ ಪಥದಲ್ಲಿ ಚಿಗರಿ ಬಸ್ಸು ಇಬ್ಬರನ್ನೂ ಹಿಂದೆ ಹಾಕಿ ಹೋಯಿತು. ಮೂವರೂ ನಕ್ಕೆವು. ನವನಗರ ದಾಟಿ ರಸ್ತೆ ತೆರವಾದಾಗ ಸ್ವಲ್ಪ ಒತ್ತಿದೆ. ಗಾಡಿ ಹಗುರವಾಗಿ ಮುಂದಕ್ಕೆ ಹಾರಿತು.

"ನಿಧಾನ... ನಿಧಾನ..." ಎಂದಿತು ಹಿಂದಿನ ಸೀಟು. ಕನ್ನಡಿಯಲ್ಲಿ ನೋಡಿದೆ. ಮನೆಯವರು ಮೊಣಕಾಲು ಮಡಚಿ, ಎರಡೂ ಕೈಯಿಂದ ಮುಂದಿನ ಸೀಟು ಹಿಡಿದು ಕೂತಿದ್ದರು.

"ಯಾಕ್ರಿ, ಇಕ್ಕಟ್ಟ ಆಗೈತೇನು?"

"ಇಕ್ಕಟ್ಟೇನಿಲ್ಲ ಬಿಡು" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರ ಹಿಂದ ಕುಂತ್ರ ಮುಂದಿನ ರಸ್ತೆ ಕಾಣೂದ ಇಲ್ಲಲ್ಲ" ಎಂದರು.

ನಾನೇನೂ ಹೇಳಲಿಲ್ಲ. ಆ ಮಾತು ನಮ್ಮ ಅವ್ವನಿಗೂ ಅತ್ತೆಯವರಿಗೂ ಕೇಳಿಸಬೇಕಿತ್ತು ಅನ್ನಿಸಿತು. ಧಾರವಾಡ ಬರುವವರೆಗೆ ಎಡಗಡೆಯ ಪಥ ಬಿಡದೆ ಐವತ್ತರ ಮೇಲೆ ಹೋಗದೆ ಓಡಿಸಿದೆ.